ರೋವನ್ ಮರ

ಕಡೆದ ಮೊಸರಿನಲ್ಲಿ ಬೆಣ್ಣೆ ಕಟ್ಟದಿದ್ದರೆ ದೃಷ್ಟಿ ತಗುಲಿತೆಂದು ನಮ್ಮ ಮನೆಗಳ ಹಿರಿಯರು ಹೇಳುತ್ತಿದ್ದುದುಂಟು. ಸಹಸ್ರಾರು ಮೈಲಿ ದೂರದ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಗೃಹಿಣಿಗೂ ಇದೇ ಶಂಕೆಯಿತ್ತು. ಅದಕ್ಕೆ ಆಕೆ ಕಂಡುಕೊಂಡಿದ್ದ ಪರಿಹಾರವು ಒಂದು ಮರ. ಆಕೆ ಕಡೆಗೋಲನ್ನು ಆ ಮರದಿಂದ ಮಾಡಿಸುವಳು. ಅದರ ಎರಡು ಕಡ್ಡಿಗಳನ್ನು ಶಿಲುಬೆಯಂತೆ ಜೋಡಿಸಿ, ಕೆಂಪು ನೂಲಿನಿಂದ ಬಿಗಿದು, ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿಸುವಳು. ಹಸುವಿನ ಬಾಲಕ್ಕೂ ಒಂದನ್ನು ಕಟ್ಟುವಳು. ಹೊಸ್ತಿಲ ಬಳಿಯಲ್ಲಿ ಆ ಮರವನ್ನೇ ನೆಟ್ಟು ಬೆಳೆಸುವರು. ಬೆಳೆದದ್ದನ್ನು ಕಡಿಯುವುದು ಅಮಂಗಳವೆಂದು ಎಣಿಸುವರು. ಇದೇ ರೋವನ್ ಮರ. ನಗುವ ಮೊದಲು ವಾಚಕರು ಒಂದನ್ನು ನೆನೆಯಬೇಕು: ಆ ಶೀತಲ ನಾಡಿನಲ್ಲಿ ಹಸುವಿನ ಹಾಲು ಬತ್ತಿತೆಂದರೆ ಮನೆಯ ಮಕ್ಕಳಿಗೆ ಹಸಿವೆಯೇ ಗತಿ.

ಗುಲಾಬಿ, ಸೇಬುಗಳ ಕುಟುಂಬಕ್ಕೆ ಸೇರಿದ ಈ ಮರವನ್ನು ಸಸ್ಯಶಾಸ್ತ್ರಜ್ಞರು ‘ಸಾರ್ಬಸ್ ಆಕ್ಯುಪೇರಿಯ’ ಎಂದು ಕರೆಯುವರು. ಎರಡನೆಯ ಪದಕ್ಕೆ ಲ್ಯಾಟಿನ್ ಭಾಷೆಯ ಹಕ್ಕಿ ಹಿಡಿಯುವುದೆಂಬ ಮಾತೇ ಮೂಲ. ಬೇಟೆಗಾರರು ಇದರ ಹಣ್ಣನ್ನು ಹಕ್ಕಿಗಳಿಗೆ ಆಮಿಷವಾಗಿ ಒಡ್ಡುತ್ತಿದ್ದರು. ಮರವು ಸಾಧಾರಣವಾಗಿ 30ರಿಂದ 50 ಅಡಿ ಎತ್ತರ ಬೆಳೆಯುವುದು. ಕರಿಬೇವಿನಂತೆ ಒಂದೇ ಕಡ್ಡಿಯ ಇಕ್ಕೆಲದಲ್ಲಿಯೂ ಎಲೆಗಳು. ಅವುಗಳ ಅಂಚು ಬೇವಿನೆಲೆಯಂತೆ ಗರಗಸದ ಹಲ್ಲು. ಮೇ, ಜೂನ್ ತಿಂಗಳುಗಳಲ್ಲಿ ಬಿಳಿಯ ಹೂಗೊಂಚಲು. ಆಗಸ್ಟ್ ಕಳೆಯುವಷ್ಟರಲ್ಲಿ ಬಟಾಣಿಯ ಗಾತ್ರದ ಕಡುಗೆಂಪು ಹಣ್ಣು. ಹಣ್ಣನ್ನು ತೊಟ್ಟಿನ ಎದುರು ಬದಿಗೆ ತಿರುಗಿಸಿ ನೋಡಿದರೆ ಐದು ಮೂಲೆಯ ಪುಟ್ಟ ನಕ್ಷತ್ರವೊಂದು ಕಾಣುವುದು. ಅದು ಹೂವನ್ನು ಹೊತ್ತಿದ್ದ ಹಸಿರು ಎಸಳುಗಳ ಅವಶೇಷವಲ್ಲದೆ ಬೇರೇನೂ ಅಲ್ಲ. ಆದರೆ ಪಂಚಕೋನವನ್ನು ರಕ್ಷೆಯ ಗುರುತೆಂದು ನಂಬಿದ್ದ ಜನಕ್ಕೆ ಆ ನಕ್ಷತ್ರವೂ, ಅಶುಭವನ್ನು ಅಟ್ಟುವುದೆಂದು ನಂಬಿದ್ದ ಕೆಂಪು ಬಣ್ಣವೂ ಒಂದೇ ಹಣ್ಣಿನಲ್ಲಿ ಕೂಡಿಬಂದುದು ಸಾಮಾನ್ಯ ಸಂಗತಿಯಾಗಿ ತೋರಲಿಲ್ಲ. ಇದರ ದಾಯಾದಿ ಜಾತಿಗಳು ನಮ್ಮ ಹಿಮಾಲಯದಲ್ಲಿಯೂ ಉಂಟು.

ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಎಲ್ಲೆಂದರಲ್ಲಿ ಉದುರಿಸುವುವು. ಆದ್ದರಿಂದಲೇ ಬೇರೆ ಮರಗಳು ನಿಲ್ಲಲಾರದ ಬಂಡೆಯ ಬಿರುಕಿನಲ್ಲಿಯೂ, 3,000 ಅಡಿಗಳಷ್ಟು ಎತ್ತರದ ಬೆಟ್ಟದಲ್ಲಿಯೂ ಈ ಮರವು ಬೇರೂರುವುದು. ಕೆಲವೊಮ್ಮೆ ಬೇರೊಂದು ಮರದ ಕವಲಿನಲ್ಲಿಯೇ ಮೊಳೆಯುವುದುಂಟು. ನಾರ್ವೆ, ಸ್ವೀಡನ್ ದೇಶಗಳವರು ಇದನ್ನು ‘ಹಾರುವ ರೋವನ್’ ಎಂದು ಕರೆದು, ನೆಲವನ್ನು ಮುಟ್ಟದ ಇದಕ್ಕೆ ಮಾಟದ ವಿರುದ್ಧ ವಿಶೇಷ ಶಕ್ತಿಯುಂಟೆಂದು ನಂಬುತ್ತಿದ್ದರು. ಅವರ ಪುರಾಣದಲ್ಲಿ ಗುಡುಗಿನ ದೇವನಾದ ಥಾರನು ಉಕ್ಕಿದ ವಿಮುರ್ ನದಿಯಲ್ಲಿ ಕೊಚ್ಚಿಹೋಗುವಂತಾದಾಗ ರೋವನ್ ಗಿಡವನ್ನು ಹಿಡಿದು ದಡ ಸೇರಿದನೆಂಬ ಕಥೆಯಿದೆ; ಇದನ್ನು 13ನೆಯ ಶತಮಾನದಲ್ಲಿ ಐಸ್‌ಲೆಂಡಿನ ಸ್ನೋರಿ ಎಂಬ ಪಂಡಿತನು ಬರೆದಿಟ್ಟಿರುವನು.

ಹೀಗೆ ದೇವರನ್ನೂ ಕಾಯ್ದ ಮರವು ಬಡ ಹೆಂಗಸರಿಗೆ ವಿಪತ್ತನ್ನೂ ತರಬಲ್ಲುದಾಗಿತ್ತು. ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನು 1597ರಲ್ಲಿ ಪ್ರಕಟಿಸಿದ ‘ಡೀಮನಾಲಜಿ’ ಎಂಬ ಗ್ರಂಥದಲ್ಲಿ, ದನಗಳ ಬಾಲಕ್ಕೆ ರೋವನ್ ಕಟ್ಟುವ ಪದ್ಧತಿಯನ್ನು ಹೆಸರಿಸಿ, ಇಂತಹವು ಸೈತಾನನ ವಿದ್ಯೆಯ ಆರಂಭದ ಪಾಠಗಳೆಂದು ಹಳಿದನು. ಮಾಟಕ್ಕೆ ಅಂಜಿ ಕಟ್ಟಿದ ರಕ್ಷೆಯೇ ಮಾಟವೆಂದಾಯಿತು! ಇದು ಬರಿಯ ಮಾತಿನ ವಾದವಲ್ಲ. ಮಾಟವನ್ನು ಮರಣದಂಡನೆಗೆ ಗುರಿಮಾಡಿದ 1563ರ ಶಾಸನವು 1736ರವರೆಗೆ ಜಾರಿಯಲ್ಲಿದ್ದಿತು. ಆ ಅವಧಿಯಲ್ಲಿ ಸಾವಿರಾರು ಜನರು ಆಪಾದನೆಗೆ ಗುರಿಯಾದರು, ಅವರಲ್ಲಿ ಬಹುಪಾಲು ಸ್ತ್ರೀಯರು.

ಅಡುಗೆಮನೆಯಲ್ಲಿಯೂ ಈ ಹಣ್ಣಿಗೆ ಸ್ಥಾನವುಂಟು. ಹಸಿಯಾಗಿ ತಿಂದರೆ ಒಗರು, ಕಹಿ, ಹೊಟ್ಟೆಯೂ ಕೆಡುವುದು. ಇದಕ್ಕೆ ಕಾರಣವಾದ ಪ್ಯಾರಸಾರ್ಬಿಕ್ ಆಮ್ಲವು ಬೇಯಿಸಿದಾಗ ನಿರಪಾಯಕರವಾದ ಸಾರ್ಬಿಕ್ ಆಮ್ಲವಾಗಿ ಮಾರ್ಪಡುವುದು. ಸೇಬಿನೊಡನೆ ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಸೇರಿಸಿ ಕಾಯಿಸಿದರೆ ಕೆಂಪಾದ ಜೆಲ್ಲಿಯಾಗುವುದು. ಅದನ್ನು ಆ ನಾಡಿನವರು ಜಿಂಕೆಯ ಮಾಂಸದೊಡನೆ ನೆಂಚಿಕೊಳ್ಳುವರು. ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1859ರಲ್ಲಿ ಈ ಹಣ್ಣಿನಿಂದಲೇ ಸಾರ್ಬಿಕ್ ಆಮ್ಲವನ್ನು ಪಡೆದನು. ಬ್ರೆಡ್ಡು, ಚೀಸುಗಳು ಬೂಷ್ಟು ಹಿಡಿಯದಂತೆ ಇಂದು ಬಳಸುವ ವಸ್ತುಗಳಲ್ಲಿ ಅದೂ ಒಂದು. ಈಗ ಅದನ್ನು ಕಾರ್ಖಾನೆಗಳಲ್ಲಿ ತಯಾರಿಸುವರು. ಹೊಸ್ತಿಲ ರಕ್ಷೆಯನ್ನು ನಂಬದವರೂ ರೊಟ್ಟಿಯ ಈ ರಕ್ಷೆಯನ್ನು ಅಲ್ಲಗಳೆಯಲಾರರು.

ಆದರೆ ಮನುಷ್ಯನ ಲೋಭವನ್ನು ತಡೆಯುವ ಶಕ್ತಿ ಯಾವ ಮರಕ್ಕಿದೆ? ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಟ್ರಾತ್‌ನೇವರ್ ಎಂಬ ಕಣಿವೆಯಲ್ಲಿ, ಕುರಿಸಾಕಣೆಯಿಂದ ಹೆಚ್ಚಿನ ವರಮಾನ ಬರುವುದೆಂದು ಭೂಮಾಲಿಕರು 1814ರಲ್ಲಿಯೂ 1819ರಲ್ಲಿಯೂ ಒಕ್ಕಲುಗಳನ್ನು ಎಬ್ಬಿಸಿದರು. ತಿರುಗಿ ಬಂದು ನೆಲೆಸದಿರಲೆಂದು ಮನೆಗಳಿಗೆ ಬೆಂಕಿಯಿಟ್ಟರು. ಕೆಲವರು ಕಡಲ ಕರೆಗೂ, ಕೆಲವರು ಸಮುದ್ರದಾಚೆಗೂ ಹೋದರು. ಬೆಟ್ಟಸೀಮೆಯಲ್ಲಿ ಹೀಗೆ ಬರಿದಾದ ಊರುಗಳಲ್ಲಿ ಇಂದು ಉಳಿದಿರುವುದು ಹುಲ್ಲು ಮುಚ್ಚಿದ ಕಲ್ಲಿನ ತಳಪಾಯ. ಎಷ್ಟೋ ಎಡೆಗಳಲ್ಲಿ ಅದರ ಪಕ್ಕದಲ್ಲಿ ಒಂದು ರೋವನ್. ಈ ಮರದ ಆಯುಸ್ಸು ಸಾಮಾನ್ಯವಾಗಿ ನೂರು, ನೂರೈವತ್ತು ವರ್ಷಗಳನ್ನು ಮೀರದಾದ್ದರಿಂದ ಅವುಗಳಲ್ಲಿ ಹಲವು ಮೊದಲು ನೆಟ್ಟ ಮರದ ಸಂತತಿಯಿರಬೇಕು. ಎಳೆಯ ಸಸಿಯೆಂದರೆ ಕುರಿಗೂ ಜಿಂಕೆಗೂ ಬಲು ಪ್ರೀತಿ. ಆದಕಾರಣ ಅವುಗಳ ಬಾಯಿಗೆ ಎಟುಕದ ಬಿದ್ದ ಗೋಡೆಯ ಕಲ್ಲುಸಂದಿಯಲ್ಲಿ ಹಕ್ಕಿಯು ಬಿತ್ತಿದ ಬೀಜವೇ ಮರವಾಗುವ ಭಾಗ್ಯವನ್ನು ಪಡೆಯುವುದು.