ಹಂಡೆ ಒಲೆಯ ಹೊಗೆಯೂ ಹೊಗೆಯೇ



ತಾವು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಮನೆಯ ಬಚ್ಚಲಿನಲ್ಲಿ ಹಂಡೆ ಒಲೆ ಉರಿಯುತ್ತಿರುತ್ತದೆ. ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೂ ದನಕ್ಕೆ ಹುರುಳಿ ಬೇಯಿಸಲೂ ಸೌದೆ, ತೆಂಗಿನ ಗರಿ, ಬೆರಣಿಯೇ ಆಧಾರ. ಗ್ಯಾಸ್ ಬಂತು, ಹೊಗೆ ಹೋಯಿತು ಎಂದು ತಿಳಿದಿದ್ದರೆ ಅದು ತಪ್ಪು.

ಗೋಡೆಗೆ ಹಿಡಿಯುವ ಮಸಿಗಿಂತ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಸೌದೆ ಪೂರ್ತಿ ಉರಿಯದಿದ್ದಾಗ 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಹೇರಳವಾಗಿ ಏಳುತ್ತವೆ. ಇವು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ದಪ್ಪ ಧೂಳನ್ನು ಮೂಗು, ಗಂಟಲು ತಡೆದು ಕಫದೊಂದಿಗೆ ಹೊರಹಾಕುತ್ತವೆ. ಈ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಬೀಡಿ ಮುಟ್ಟದ ನಮ್ಮ ಹೆಣ್ಣುಮಕ್ಕಳಿಗೆ ಬಿಡದ ಕೆಮ್ಮು, ಏದುಸಿರು ಬರುವುದಕ್ಕೆ ಇದೊಂದು ಮುಖ್ಯ ಕಾರಣ. ಹೃದಯಾಘಾತ, ಪಾರ್ಶ್ವವಾಯು, ಕಣ್ಣಿನ ಪೊರೆಯ ಸಂಭವವೂ ಹೆಚ್ಚುತ್ತದೆ. ಒಲೆಯ ಮುಂದೆ ತಾಯಿಯ ಮಡಿಲಲ್ಲಿರುವ ಮಗುವಿಗೆ ನ್ಯುಮೋನಿಯಾ ಭಯ. ಗರ್ಭಿಣಿ ಈ ಹೊಗೆ ಕುಡಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು.

ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಇಂಥ ಕಣ 15 ಮೈಕ್ರೋಗ್ರಾಂ ಮೀರಬಾರದೆಂದು ಆ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ 2009ರ ಮಾನದಂಡ 60. ಗಾಳಿಯಾಡದ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಇದು ನೂರಾರು, ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ.

ಹೈನುಗಾರರಿಗೆ ಪರಿಹಾರ ಕೊಟ್ಟಿಗೆಯಲ್ಲೇ ಇದೆ. ನಾಲ್ಕೈದು ರಾಸುಗಳಿದ್ದರೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಿಗುತ್ತದೆ; 2 ಘನ ಮೀಟರ್ ಗೋಬರ್ ಗ್ಯಾಸ್ ಘಟಕಕ್ಕೆ ಅಷ್ಟು ಸಾಕು. ಐದಾರು ಜನರ ಅಡುಗೆ ಆಗುತ್ತದೆ, ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಎದೆಯೂ ಕೆಟ್ಟಿತು.

ಒಂದೆರಡೇ ರಾಸು ಇರುವವರು ಹಂಡೆ ಒಲೆಗಾದರೂ ಹೊಗೆ ಕೊಳವೆ ಹಾಕಿಸಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಲವರಿಗೆ ನೆನಪಿರಬಹುದು. ಒಲೆ ಒಳ್ಳೆಯದೇ, ಆದರೆ ಕೊಳವೆಯ ಮಸಿ ತೆಗೆಯದಿದ್ದರೆ ಯಾವ ಒಲೆಯ ಹೊಗೆಯೂ ಮನೆಯೊಳಗೇ ತಿರುಗುತ್ತದೆ. ಸೌದೆ ಚೆನ್ನಾಗಿ ಒಣಗಿರಲಿ. ಪ್ಲಾಸ್ಟಿಕ್ ಹಾಕಿ ಒಲೆ ಹೊತ್ತಿಸುವುದು ಬೇಡವೇ ಬೇಡ.

ಸೊಳ್ಳೆಗೆಂದು ಸಂಜೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿಯಿದೆ. ಬೇವಾದರೂ ಹೊಗೆ ಹೊಗೆಯೇ. ಬಾಗಿಲು ಮುಚ್ಚಿ ಹೊಗೆ ಹಾಕಿ, ಅದರೊಳಗೇ ಕುಳಿತು ಹಾಲು ಕರೆಯಬೇಡಿ. ಕಿಟಕಿಗಳಿಗೆ ಸೊಳ್ಳೆ ಪರದೆ ಕಟ್ಟಿದರೆ ಹಸುವಿಗೂ ಕರೆಯುವವರಿಗೂ ಅನುಕೂಲ.