‘ಎರಡು ಸಲ ಪಂಪ್ ಮಾಡಿದ್ರೆ ಹಿಡೀತದೆ’ ಅನ್ನಬೇಡಿ

ಸುಬ್ಹಿ ಬಾಂಗ್ ಕೇಳುವ ಮೊದಲೇ ಮಂಗಳೂರಿನ ದಕ್ಕೆಯಲ್ಲಿ ಐಸ್ ಸುರಿಯುವ ಸದ್ದು ಶುರುವಾಗುತ್ತದೆ. ಸಾಲಾಗಿ ನಿಂತ ಪಿಕಪ್‌ಗಳಿಗೆ ಮೀನಿನ ಕ್ರೇಟ್ ಏರುತ್ತದೆ. ನಮ್ಮ ಬ್ಯಾರಿಗಳ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಈ ಪಿಕಪ್‌ಗಳಿಂದ. ಹೊಸತು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲದ ಕಾರಣ ಹತ್ತು, ಹದಿನೈದು ವರ್ಷ ಓಡಿದ ಗಾಡಿಗಳೇ ಹೆಚ್ಚು. ಗಾಡಿ ಹಳೆಯದಾಗುವುದು ತಪ್ಪಲ್ಲ. ಬ್ರೇಕ್ ಕೊಡುವ ಎಚ್ಚರಿಕೆಗೆ ಕಿವಿಗೊಡದಿರುವುದು ತಪ್ಪು.

ನನ್ನ ತಮ್ಮನ ಕಥೆಯನ್ನೇ ಹೇಳುತ್ತೇನೆ. ಅವನ ಪಿಕಪ್‌ಗೆ 12 ವರ್ಷ. ಮೀನು ತುಂಬಿಸಿ ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋಗುವುದು, ಬರುವಾಗ ಶುಂಠಿ ಮೂಟೆ ಸಿಕ್ಕಿದರೆ ಹಾಕಿಕೊಂಡು ಬರುವುದು ಅವನ ಕೆಲಸ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬ್ರೇಕ್ ಪೆಡಲ್ ಮೊದಲಿಗಿಂತ ಕೆಳಗೆ ಹೋಗತೊಡಗಿತು. ‘‘ಎರಡು ಸಲ ಪಂಪ್ ಮಾಡಿದ್ರೆ ಹಿಡೀತದೆ, ಎಂತ ತೊಂದರೆ ಇಲ್ಲ’’ ಎಂದ. ಸೀಟಿನಡಿ ಒಂದು ಬ್ರೇಕ್ ಆಯಿಲ್ ಬಾಟಲಿ ಬಂದು ಕೂತಿತು. ಎರಡು ದಿನಕ್ಕೊಮ್ಮೆ ಸ್ವಲ್ಪ ಸುರಿಯುವುದು, ಹೊರಡುವುದು. ಗ್ಯಾರೇಜಿಗೆ ಹಾಕಿದರೆ ಟ್ರಿಪ್ ತಪ್ಪುತ್ತದೆ, ಟ್ರಿಪ್ ತಪ್ಪಿದರೆ ಕಂತು ತಪ್ಪುತ್ತದೆ.

ಮೂರನೇ ವಾರ ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಪೆಡಲ್ ನೇರ ನೆಲಕ್ಕೆ ಹೋಯಿತು. ಹಿಂದೆ ಶುಂಠಿ ಲೋಡ್, ಪಕ್ಕದಲ್ಲಿ 19 ವರ್ಷದ ಕ್ಲೀನರ್ ಹುಡುಗ, ಎದುರಿನಿಂದ ಬಸ್. ತಮ್ಮ ಪಂಪ್ ಮಾಡುತ್ತಲೇ ಗೇರ್ ಒಂದೊಂದಾಗಿ ಇಳಿಸಿದ. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದ. ಗುಡ್ಡದ ಬದಿಯ ಚರಂಡಿಗೆ ಗಾಡಿ ಒರಗಿಸಿ ನಿಲ್ಲಿಸಿದ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ.

ಪೆಡಲ್ ಏನು ಹೇಳುತ್ತದೆ?

ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದೆವು. 30 ವರ್ಷದಿಂದ ಬ್ರೇಕ್ ಕೆಲಸ ಮಾಡುತ್ತಿರುವ ಅಲ್ಲಿಯ ಕಾಕ ಮೊದಲು ಕೈ ಹಾಕಿದ್ದು ಸೀಟಿನಡಿಗೆ. ಬಾಟಲಿ ಹೊರತೆಗೆದು ಹೇಳಿದರು: ‘‘ಮೋನೆ, ಬ್ರೇಕ್ ಆಯಿಲ್ ಡೀಸೆಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಲೈನರ್ ಸವೆದಾಗ ನಿಧಾನಕ್ಕೆ ಸ್ವಲ್ಪ ಇಳೀತದೆ, ಅಷ್ಟೆ. ಎರಡು ದಿನಕ್ಕೊಮ್ಮೆ ಹಾಕ್ಬೇಕು ಅಂದ್ರೆ ಎಲ್ಲೋ ಸೋರ್ತಾ ಉಂಟು.’’

ಕಾಕನ ಲೆಕ್ಕದಲ್ಲಿ ಪೆಡಲ್ ಮೇಲೆ ಕಾಲಿಟ್ಟರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡನೆಯದಕ್ಕೆ ಮೇಲೆಯೇ ಗಟ್ಟಿಯಾದರೆ ಹಿಂದಿನ ಶೂ ಸವೆದು ಡ್ರಮ್‌ನಿಂದ ದೂರವಾಗಿರಬಹುದು. ಅರ್ಧ ನಿಮಿಷ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ವಾಷರ್ ಹೋಗಿದೆ. ಬ್ರೇಕ್ ಒಂದು ಬದಿಗೆ ಎಳೆದರೆ ಮುಂದಿನ ಒಂದು ಚಕ್ರದ ಪಿಸ್ಟನ್ ಜಾಮ್ ಆಗಿರಬಹುದು, ಇಲ್ಲವೇ ಒಂದು ಚಕ್ರದ ಲೈನರ್‌ಗೆ ಆಯಿಲ್ ತಾಗಿರಬಹುದು.

ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ನೋಡಬೇಕು. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಪಂಪ್, ಬೂಸ್ಟರ್ ಮೂರನ್ನೂ ಪರೀಕ್ಷಿಸಬೇಕು.

ಉಪ್ಪುನೀರಿನ ಪೆಟ್ಟು

ತಮ್ಮನ ಗಾಡಿಯ ಹಿಂದಿನ ಎಡ ಚಕ್ರದ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಒದ್ದೆ. ವೀಲ್ ಸಿಲಿಂಡರಿನ ರಬ್ಬರ್ ಎತ್ತಿದರೆ ಆಯಿಲ್ ಜಿನುಗಿತು, ಲೈನರ್ ನೆಂದು ಕಪ್ಪಾಗಿತ್ತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಚೇಸಿಸ್ ಪಕ್ಕದ ಬ್ರೇಕ್ ಪೈಪ್. ಮೀನಿನ ಕ್ರೇಟಿನಿಂದ ಇಳಿದ ಉಪ್ಪುನೀರು ವರ್ಷಗಟ್ಟಲೆ ಬಿದ್ದು ಉಕ್ಕಿನ ಪೈಪ್ ತುಕ್ಕು ಹಿಡಿದು ಉಗುರಿಗೆ ಪದರ ಪದರವಾಗಿ ಏಳುತ್ತಿತ್ತು. ಹಿಂದಿನ ಆಕ್ಸೆಲ್ ಮೇಲೆ, ಲೋಡ್ ನೋಡಿ ಬ್ರೇಕ್ ಹಂಚುವ ವಾಲ್ವ್‌ನ ಸಲಾಕೆಯೂ ಜಾಮ್.

‘‘ಮುಂದಿನ ಚಕ್ರಕ್ಕೆ ಬೇರೆ ಲೈನ್, ಹಿಂದಕ್ಕೆ ಬೇರೆ ಲೈನ್ ಉಂಟು. ಹಿಂದಿನದ್ದು ಪೂರ್ತಿ ಖಾಲಿ. ಮುಂದಿನದ್ದು ಸ್ವಲ್ಪ ಹಿಡಿದದ್ದಕ್ಕೆ ನೀನು ಬದುಕಿದ್ದಿ’’ ಎಂದರು ಕಾಕ. ಹ್ಯಾಂಡ್‌ಬ್ರೇಕ್ ಕೇಬಲ್‌ನಲ್ಲಿ ನಡೆಯುವುದರಿಂದ ಆಯಿಲ್ ಇಲ್ಲದಿದ್ದರೂ ಅಷ್ಟಿಷ್ಟು ಕೆಲಸ ಮಾಡಿತ್ತು.

ಸೋರುವ ಚಕ್ರದ ಪೈಪ್ ಮಡಚಿ, ಸುತ್ತಿಗೆಯಿಂದ ಬಡಿದು ಬಂದ್ ಮಾಡಿ ಕಳಿಸುವವರೂ ಇದ್ದಾರೆ. ಕಾಕ ಅದಕ್ಕೆ ಒಪ್ಪುವುದಿಲ್ಲ. ಎರಡೂ ಬದಿಯ ವೀಲ್ ಸಿಲಿಂಡರ್ ಹೊಸತು ಹಾಕಿದರು. ಆಯಿಲ್ ಕುಡಿದ ಲೈನರನ್ನು ಉಜ್ಜಿ ಮತ್ತೆ ಹಾಕಬಾರದೆಂದು ಶೂ ಕೂಡಾ ಜೋಡಿಯಾಗಿ ಬದಲಿಸಿದರು. ಪೈಪ್ ಪೂರ್ತಿ ಹೊಸತು, ವಾಲ್ವ್‌ನ ಸಲಾಕೆ ಬಿಡಿಸಿ ಸರಿ ಮಾಡಿದ್ದಾಯಿತು.

ಆಮೇಲೆ ಏರ್ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು. ಮತ್ತೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಡಬ್ಬಿ ಖಾಲಿಯಾದರೆ ಮತ್ತೆ ಮೊದಲಿನಿಂದ!

ಹಳೆಯ ಆಯಿಲ್ ಕಪ್ಪಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯಬಹುದು. ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಕಾದ ಆಯಿಲ್ ಕುದಿದು ಆವಿಯಾಗಿ ಪೆಡಲ್ ಖಾಲಿ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯ ಮುಚ್ಚಳದಲ್ಲಿ ಬರೆದ ನಂಬರಿನದ್ದನ್ನೇ ಹಾಕಿ. ಇಂಜಿನ್ ಆಯಿಲ್ ಒಂದು ಹನಿಯೂ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ತವಕ್ಕುಲ್ ಅಂದರೆ...

ಘಾಟಿ ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಸುವವರು ಬೂಸ್ಟರಿನ ಬಲವನ್ನೂ ಕಳಕೊಳ್ಳುತ್ತಾರೆ. ಮೀನು ಇಳಿಸಿದ ದಿನ ಗಾಡಿಯ ಅಡಿಗೆ ಒಂದು ಬಾರಿ ಸಿಹಿನೀರು ಹೊಡೆಯಿರಿ. 8 ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಲೇಬೇಕು. ಆದರೆ ಆ ಕಾಗದ ಉಳಿದ ದಿನಗಳ ಬ್ರೇಕಿಗೆ ಜಾಮೀನು ಅಲ್ಲ.

ಬಿಸ್ಮಿಲ್ಲಾ ಹೇಳಿ ಹೊರಡುವವರು ನಾವು. ಒಂಟೆಯನ್ನು ಕಟ್ಟಿದ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ಉಸ್ತಾದರಿಂದ ಎಷ್ಟು ಸಲ ಕೇಳಿಲ್ಲ? ನಮ್ಮ ಕಾಲದ ಒಂಟೆ ಈ ಪಿಕಪ್. ಪಕ್ಕದಲ್ಲಿ ಕೂತ ಹುಡುಗ ಅವನ ಉಮ್ಮ ನಮ್ಮ ಕೈಗೆ ಕೊಟ್ಟ ಅಮಾನತ್. ಎದುರಿನ ಬಸ್ಸಿನಲ್ಲಿದ್ದವರ ಹಕ್ಕೂ ನಮ್ಮ ಮೇಲಿದೆ.

ರಿಪೇರಿಗೆ ಎರಡು ದಿನ ಹೋಯಿತು. ಆ ತಿಂಗಳ ಕಂತು ತಡವಾಯಿತು, ಬೈಗಳೂ ಕೇಳಿದ್ದಾಯಿತು. ತಮ್ಮ ಈಗಲೂ ಅದೇ ಘಾಟಿಯಲ್ಲಿ, ಅದೇ ಗಾಡಿ ಓಡಿಸುತ್ತಿದ್ದಾನೆ. ಸೀಟಿನಡಿ ಬಾಟಲಿ ಇಲ್ಲ. ನಿಮ್ಮ ಸೀಟಿನಡಿ ಇದ್ದರೆ, ನಾಳೆಯ ಟ್ರಿಪ್ ಬಿಟ್ಟು ಗ್ಯಾರೇಜಿಗೆ ಹೋಗಿ.