ಸ್ಟಿರಾಯ್ಡ್ ಮಾತ್ರೆ ಬಿಡುವ ದಾರಿ

"ಇನ್ನೂ ಎಷ್ಟು ದಿನ ಅಂತ ಈ ಮಾತ್ರೆ ನುಂಗೋದು ಡಾಕ್ಟ್ರೇ?" ರುಮಟಾಯ್ಡ್ ಸಂಧಿವಾತಕ್ಕೆ ಚಿಕಿತ್ಸೆ ಪಡೆಯುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉತ್ತರ ಸಿಗುವ ಮೊದಲೇ ತಾವಾಗಿ ಮಾತ್ರೆ ಬಿಟ್ಟುಬಿಡುವವರೂ ಇದ್ದಾರೆ. ನೋವು ಹೋಯಿತು ಎಂದೋ, ಮುಖ ಊದಿಕೊಂಡಿತು ಎಂದೋ, ಶುಗರ್ ಏರಿತು ಎಂದೋ, ಸ್ಟಿರಾಯ್ಡ್ ಅಂದರೆ ವಿಷ ಎಂದು ನೆಂಟರು ಹೆದರಿಸಿದರು ಎಂದೋ ಬಿಡುತ್ತಾರೆ. ಬಿಡಬೇಕೆಂಬ ಆಸೆ ತಪ್ಪಲ್ಲ, ವೈದ್ಯರಿಗೂ ಬೇಕಾಗಿರುವುದು ಅದೇ. ಅಪಾಯ ಇರುವುದು ದಿಢೀರನೆ ನಿಲ್ಲಿಸುವುದರಲ್ಲಿ.

ಮೊದಲು ನಿಮ್ಮ ಮಾತ್ರೆ ಡಬ್ಬಿಯಲ್ಲಿ ಏನೇನಿದೆ ಎಂದು ಗುರುತಿಸಿಕೊಳ್ಳಿ. ಪ್ರೆಡ್ನಿಸೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್, ಡೆಫ್ಲಾಜಾಕಾರ್ಟ್, ಡೆಕ್ಸಾಮೆಥಾಸೋನ್ ಇವೆಲ್ಲ ಸ್ಟಿರಾಯ್ಡ್‌ಗಳು. ಮೆಥೊಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಲೆಫ್ಲೂನೊಮೈಡ್ ಇವು ರೋಗದ ಬುಡಕ್ಕೆ ಕೈಹಾಕುವ ಔಷಧಗಳು. ಸ್ಟಿರಾಯ್ಡ್ ಒಂದೆರಡು ದಿನಗಳಲ್ಲೇ ಊತ ಇಳಿಸುತ್ತದೆ. ಬುಡದ ಔಷಧ ಹಿಡಿತಕ್ಕೆ ಬರಲು ಆರರಿಂದ ಹನ್ನೆರಡು ವಾರ ಬೇಕು. ಆ ನಡುವಿನ ಕಾಲ ದಾಟಿಸಲೆಂದೇ ಸ್ಟಿರಾಯ್ಡ್ ಕೊಡುವುದು. ಹಾಗಾಗಿ ರೋಗ ಹತೋಟಿಗೆ ಬಂದ ಮೇಲೆ ಮೊದಲು ಬಿಡಬೇಕಾದದ್ದೂ ಸ್ಟಿರಾಯ್ಡನ್ನೇ. ಬಹಳ ಮಂದಿ ಮಾಡುವುದು ಇದಕ್ಕೆ ತದ್ವಿರುದ್ಧ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್‌ನಿಂದ ಹೊಟ್ಟೆ ತೊಳಸುತ್ತದೆ ಎಂದು ಅದನ್ನು ಬಿಟ್ಟು, ಹಾಯೆನಿಸುವ ಸ್ಟಿರಾಯ್ಡನ್ನು ಮುಂದುವರಿಸುತ್ತಾರೆ. ಇದರಿಂದ ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸಕ್ಕರೆ ಕಾಯಿಲೆ ಹತ್ತಿಕೊಳ್ಳುತ್ತದೆ, ಅತ್ತ ಕೀಲಿನ ಸವೆತವೂ ನಿಲ್ಲುವುದಿಲ್ಲ.

ಈ ತೊಡಕು ಸ್ಟಿರಾಯ್ಡ್‌ನಷ್ಟೇ ಹಳೆಯದು. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ನಡೆಯಲಾಗದ ಯುವತಿಯೊಬ್ಬಳಿಗೆ ಮೊದಲ ಬಾರಿ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್‌ಗೆ ನೊಬೆಲ್ ಬಹುಮಾನವೂ ಬಂತು. ಆದರೆ ಚುಚ್ಚುಮದ್ದು ನಿಲ್ಲಿಸಿದರೆ ರೋಗ ಮರಳುತ್ತದೆ, ಮುಂದುವರಿಸಿದರೆ ದೇಹ ಕೆಡುತ್ತದೆ ಎನ್ನುವುದೂ ಆ ಮೊದಲ ವರ್ಷಗಳಲ್ಲೇ ವೈದ್ಯರಿಗೆ ಗೊತ್ತಾಯಿತು.

ಒಮ್ಮೆಲೇ ಬಿಟ್ಟರೆ ಆಗುವುದಾದರೂ ಏನು? ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ದೇಹಕ್ಕೆ ದಿನವೂ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ಬಿಪಿ ಬೀಳದಂತೆ, ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಯಂಥ ಹೊತ್ತಿನಲ್ಲಿ ದೇಹವನ್ನು ಕಾಯುವುದು ಇದರ ಕೆಲಸ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಕಾರ್ಟಿಸಾಲ್ ಎಷ್ಟಿದೆ ಎಂದು ಗಮನಿಸುತ್ತಾ, ಕಡಿಮೆಯಾದಾಗ ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್‌ಗೆ "ತಯಾರಿಸು" ಎಂದು ಹೇಳುತ್ತದೆ. ಮಾತ್ರೆಯಲ್ಲಿರುವ ಸ್ಟಿರಾಯ್ಡ್ ಈ ಕಾರ್ಟಿಸಾಲ್‌ನದೇ ಜಾತಿ. ಅದು ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಹೇಳುವವರಿಲ್ಲದ ಅಡ್ರಿನಲ್ ವಾರಗಟ್ಟಲೆ ಕೆಲಸವಿಲ್ಲದೆ ಸೊರಗುತ್ತದೆ.

ಆರೋಗ್ಯವಂತರ ಅಡ್ರಿನಲ್ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಮೂರು ನಾಲ್ಕು ವಾರಕ್ಕೂ ಮೀರಿ ತೆಗೆದುಕೊಂಡವರ ಗ್ರಂಥಿ ನಿದ್ದೆಹೋಗಿರಬಹುದು ಎಂದೇ ಎಣಿಸಬೇಕು. ಅಂಥವರು ಇವತ್ತಿಗೆ ಸಾಕು ಎಂದು ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಿಪರೀತ ಸುಸ್ತು, ಊಟ ಸೇರದಿರುವುದು, ವಾಕರಿಕೆ, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಇದರ ಲಕ್ಷಣಗಳು. ಅದೇ ಸಮಯಕ್ಕೆ ಜ್ವರವೋ ಭೇದಿಯೋ ಸೇರಿಕೊಂಡರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಇಳಿಸುವ ಲೆಕ್ಕಾಚಾರ ನಿಂತಿರುವುದು ಈ 5 ಮಿಲಿಗ್ರಾಂ ಮೇಲೆ. ಅದಕ್ಕಿಂತ ಮೇಲಿರುವಾಗ ವೈದ್ಯರು ನೋಡುವುದು ಮುಖ್ಯವಾಗಿ ಕೀಲುಗಳನ್ನು. ಊತ ಮರಳದಿದ್ದರೆ ದೊಡ್ಡ ಪ್ರಮಾಣವನ್ನು ವಾರ, ಎರಡು ವಾರಕ್ಕೊಮ್ಮೆ 5 ಮಿಲಿಗ್ರಾಂನಂತೆ, ಆಮೇಲೆ 2.5ರಂತೆ ಇಳಿಸುತ್ತಾರೆ. 5ರ ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತದೆ. ತಿಂಗಳಿಗೆ 1 ಮಿಲಿಗ್ರಾಂ ಇಳಿಸುವುದು ಇಲ್ಲಿ ಸಾಮಾನ್ಯ. 40ರಿಂದ 10ಕ್ಕೆ ಬಂದಷ್ಟು ಬೇಗ 5ರಿಂದ ಸೊನ್ನೆಗೆ ಬರಲಾಗದು. "ಇನ್ನೇನು, ಅರ್ಧ ಮಾತ್ರೆ ತಾನೇ" ಎಂದು ಕೈಬಿಡುವವರು ಎಡವುವುದು ಇಲ್ಲಿಯೇ. ಆ ಅರ್ಧ ಮಾತ್ರೆ ಒಳಗಿನ ಗ್ರಂಥಿಯ ಪಾಲಿನ ಕೆಲಸ ಮಾಡುತ್ತಿರುತ್ತದೆ.

ಮಾತ್ರೆಯನ್ನು ಬೆಳಗಿನ ತಿಂಡಿಯ ಜೊತೆ ತೆಗೆದುಕೊಳ್ಳಿ. ಕಾರ್ಟಿಸಾಲ್ ಸಹಜವಾಗಿಯೇ ನಸುಕಿನಲ್ಲಿ ಏರಿ ರಾತ್ರಿ ಇಳಿಯುವಂಥದ್ದು. ಸಂಜೆಯ ಮಾತ್ರೆ ನಿದ್ದೆಯನ್ನೂ ಕೆಡಿಸುತ್ತದೆ, ಮರುದಿನ ನಸುಕಿನಲ್ಲಿ ಏಳಬೇಕಾದ ಗ್ರಂಥಿಯನ್ನೂ ಅದುಮುತ್ತದೆ. ಗ್ರಂಥಿ ಎಚ್ಚರವಾಗಿದೆಯೇ ಎಂಬ ಅನುಮಾನ ಬಂದರೆ ಬೆಳಗ್ಗೆ ಎಂಟರ ಸುಮಾರಿಗೆ, ಆ ದಿನದ ಮಾತ್ರೆ ನುಂಗುವ ಮೊದಲು, ರಕ್ತದ ಕಾರ್ಟಿಸಾಲ್ ನೋಡುತ್ತಾರೆ. ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ ಎಂದು ತಿಳಿಯಬಹುದು. 5ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಮುಂದುವರಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು. ಪರೀಕ್ಷೆಗೆ ಹೋಗುವಾಗ ಮರೆತು ಮಾತ್ರೆ ನುಂಗಿದ್ದರೆ ಲೆಕ್ಕ ತಪ್ಪುತ್ತದೆ, ಇನ್ನೊಂದು ದಿನ ಹೋಗುವುದೇ ಮೇಲು.

ಇಳಿಸುವಾಗ ಮೈಕೈ ನೋವು ಬರುತ್ತದೆ. ರೋಗ ಮರಳಿತು ಎಂದು ಹೆದರಿ ಮತ್ತೆ ಹಳೆಯ ಪ್ರಮಾಣಕ್ಕೆ ಹಾರುವವರು ಬಹಳ. ಸ್ವಲ್ಪ ತಾಳ್ಮೆಯಿಂದ ಕೈ ನೋಡಿಕೊಳ್ಳಿ. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ. ಗೆಣ್ಣುಗಳ ನಡುವಿನ ತಗ್ಗು ಮುಚ್ಚಿ ಮೆತ್ತಗೆ ಊದಿಕೊಂಡಿದೆಯೇ? ಬೆಳಗ್ಗೆ ಎದ್ದಾಗ ಮುಷ್ಟಿ ಬಿಗಿಯಲು ಗಂಟೆಗೂ ಹೆಚ್ಚು ಹಿಡಿಯುತ್ತದೆಯೇ? ಮೊದಲು ಬಾತಿದ್ದ ಕೀಲುಗಳೇ ಮತ್ತೆ ಬಿಸಿಯಾಗಿವೆಯೇ? ಹೌದಾದರೆ ಅದು ರೋಗದ ಸುಳಿವು, ವೈದ್ಯರಿಗೆ ತೋರಿಸಿ. ಕೀಲು ಊದಿಲ್ಲ, ಆದರೆ ತೊಡೆ, ಭುಜ, ಬೆನ್ನಿನ ಸ್ನಾಯುಗಳೆಲ್ಲ ನೋಯುತ್ತಿವೆ, ಪ್ರಮಾಣ ಇಳಿಸಿದ ಕೆಲವೇ ದಿನಗಳಲ್ಲಿ ಇದು ಶುರುವಾಯಿತು ಎಂದಾದರೆ, ಬಹುಮಟ್ಟಿಗೆ ಅದು ಸ್ಟಿರಾಯ್ಡ್ ತಗ್ಗಿದ್ದಕ್ಕೆ ದೇಹ ತೋರುವ ಪ್ರತಿಕ್ರಿಯೆ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುವುದುಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಮಾತ್ರೆಯ ಪ್ರಮಾಣ, ಯಾವ ಕೀಲು ನೋವು ಎಂದು ಎರಡು ಪದ ಬರೆದಿಟ್ಟರೆ, ಆ ಹಾಳೆ ವೈದ್ಯರಿಗೆ ಇಎಸ್‌ಆರ್, ಸಿಆರ್‌ಪಿ ವರದಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ಬುಡದ ಔಷಧಗಳ ಮಾತು ಬರುವುದು ಆಮೇಲೆ. ಸ್ಟಿರಾಯ್ಡ್ ಪೂರ್ತಿ ನಿಂತು, ಆರು ತಿಂಗಳಾದರೂ ರೋಗ ತಣ್ಣಗಿದ್ದರೆ ಅವುಗಳ ಪ್ರಮಾಣ ಇಳಿಸುವ ಯೋಚನೆ ಮಾಡಬಹುದು. ಪೂರ್ತಿ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದು ಅಪರೂಪವೇನಲ್ಲ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವುದು ಒಳ್ಳೆಯದು ಎಂಬುದೇ ನನ್ನ ಅಭಿಪ್ರಾಯ. ಇದಕ್ಕೊಂದು ಅಪವಾದವಿದೆ. ಬಸುರಾಗುವ ಯೋಚನೆಯಿರುವ ಹೆಣ್ಣುಮಕ್ಕಳು ಮೆಥೊಟ್ರೆಕ್ಸೇಟನ್ನು ತಿಂಗಳುಗಳ ಮೊದಲೇ ನಿಲ್ಲಿಸಬೇಕಾಗುತ್ತದೆ, ಅದರ ಬದಲಿಗೆ ಬೇರೆ ಔಷಧಗಳಿವೆ. ಈ ಮಾತನ್ನು ವೈದ್ಯರೊಂದಿಗೆ ಸಂಕೋಚವಿಲ್ಲದೆ ಆಡಿ.

ಚೀಟಿಯೇ ಇಲ್ಲದೆ ಸ್ಟಿರಾಯ್ಡ್ ತೆಗೆದುಕೊಂಡವರ ಪಾಡು ಇನ್ನೂ ಕಷ್ಟ. ಕೀಲುನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ, ಕಾಗದದಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆ, ನಾಟಿ ಔಷಧಿ ಎಂದು ಮಾರುವ ಗುಳಿಗೆ ಇವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ತಿಂಗಳೊಪ್ಪತ್ತಿನಲ್ಲಿ ಮುಖ ದುಂಡಗಾದರೆ ಅನುಮಾನಪಡಿ. ಗೊತ್ತಾದ ಕೂಡಲೇ ಆ ಪುಡಿಯನ್ನು ಎಸೆಯಬೇಡಿ. ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ. ಅದರ ಬದಲು ಅಳತೆ ಗೊತ್ತಿರುವ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ.

ಮಾತ್ರೆ ನಿಂತ ಮೇಲೂ ಗ್ರಂಥಿ ಪೂರ್ತಿ ಚೇತರಿಸಿಕೊಳ್ಳಲು ಆರು ತಿಂಗಳು, ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇಳಿಸುವ ಹಂತದಲ್ಲಿ ಜ್ವರ ಬಂದರೆ ಪ್ರಮಾಣ ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಕೇಳಿ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡಿ, ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಹೊರಡಿ. ಯಾವ ಸ್ಟಿರಾಯ್ಡ್, ಎಷ್ಟು ಪ್ರಮಾಣ, ಯಾವಾಗಿನಿಂದ ಯಾವಾಗಿನವರೆಗೆ ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ. ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅರಿವಳಿಕೆ ವೈದ್ಯರಿಗೆ ಮೊದಲು ಆ ಚೀಟಿ ತೋರಿಸಿ.